ಥೀಮ್ ಪಾರ್ಕ್‌ಗೆ ಹೊರಡುವ ಮುಂಚೆ ಮಗುವಿನ ಎತ್ತರ ಅಳೆಯಿರಿ: ಚಿಕ್ಕ ಮಕ್ಕಳಿರುವ ಮನೆಗೆ ಖರ್ಚಿನ ಲೆಕ್ಕ

ರಜೆ ಶುರುವಾಗಿ ವಾರ ಕಳೆಯೋದರೊಳಗೆ ನಿಮ್ಮ ಬೀದಿಯ ಯಾವುದಾದರೂ ಒಂದು ಮಗು ವಂಡರ್‌ಲಾಗೆ ಹೋಗಿ ಬಂದಿರುತ್ತದೆ. ಅಲ್ಲಿಂದ ನಿಮ್ಮ ಮನೆಯಲ್ಲೂ ಅದೇ ಜಪ. ಕರ್ಕೊಂಡು ಹೋಗಿ, ಬೇಡ ಅನ್ನೋದಿಲ್ಲ. ಆದರೆ ನಾಲ್ಕು ಜನ ಒಂದು ದಿನ ಥೀಮ್ ಪಾರ್ಕ್ ಸುತ್ತಿ ಬರುವ ಖರ್ಚು ಎಷ್ಟೋ ಮನೆಗಳಲ್ಲಿ ತಿಂಗಳ ದಿನಸಿಯ ಖರ್ಚಿಗೆ ಸಮ. ಅಷ್ಟು ಕೊಟ್ಟ ಮೇಲೆ ಮಗು ಆಡಬೇಕಲ್ವಾ? ಮೂರು, ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಲೆಕ್ಕ ತಪ್ಪೋದೇ ಅಲ್ಲಿ. ದುಡ್ಡು ಪೂರ್ತಿ ಕೊಟ್ಟಿರ್ತೀರಿ, ಆಟ ಮಾತ್ರ ಕಾಲು ಭಾಗ.

ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ಇಷ್ಟು ಮಾಡಿ.

ಮೊದಲು ಟೇಪು

ಬೆಂಗಳೂರಿನ ವಂಡರ್‌ಲಾ 2005ರಲ್ಲಿ ಶುರುವಾಯಿತು. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸು ನೋಡಿ ಕೊಡುವುದಿಲ್ಲ, ಎತ್ತರ ನೋಡಿ ಕೊಡುತ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಫ್ರೀ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ದೊಡ್ಡವರ ಟಿಕೆಟ್, ಐದನೇ ಕ್ಲಾಸಿನ ಹುಡುಗನಾದರೂ ಅಷ್ಟೇ. ‘ಇನ್ನೂ ಎಲ್‌ಕೆಜಿ ಸರ್’ ಅಂತ ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

85 ಸೆಂಟಿಮೀಟರ್ ಅಂದರೆ ಎಷ್ಟು ಚಿಕ್ಕ ಮಗು ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎರಡು ತುಂಬಿದ ಮಗು ಸರಾಸರಿ 86-87 ಸೆಂಟಿಮೀಟರ್ ಇರುತ್ತದೆ. ಮೂರಕ್ಕೆ 95ರ ಆಸುಪಾಸು, ನಾಲ್ಕಕ್ಕೆ 103, ಐದಕ್ಕೆ 110. ಅಂದರೆ ಮಗುವಿಗೆ ಎರಡು ತುಂಬುತ್ತಿದ್ದ ಹಾಗೆ ಟಿಕೆಟ್ ಶುರು.

ಮನೆಯಲ್ಲೇ ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ. ತಲೆ ಮೇಲೆ ಒಂದು ಗಟ್ಟಿ ಪುಸ್ತಕ ಸಮವಾಗಿ ಇಟ್ಟು ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಲ್ಲಿಗೆ ಟೇಪು ಹಿಡಿಯಿರಿ. 84 ಬಂದರೆ ಈ ತಿಂಗಳೇ ಹೋಗಿ ಬನ್ನಿ, ಸುಮ್ನೆ ಮುಂದೂಡಬೇಡಿ. 86, 90, 95 ಬಂತಾ? ಆಗ ಸ್ವಲ್ಪ ಯೋಚನೆ ಮಾಡಬೇಕು.

ಯಾಕೆಂದರೆ ಟಿಕೆಟ್‌ಗೆ ಒಂದು ಎತ್ತರ, ರೈಡ್‌ಗೆ ಇನ್ನೊಂದು ಎತ್ತರ. ಪ್ರತಿ ರೈಡಿನ ಕ್ಯೂ ಶುರುವಾಗುವ ಜಾಗದಲ್ಲಿ ಒಂದು ಅಳತೆಯ ಬೋರ್ಡ್ ಇರುತ್ತದೆ. ದೊಡ್ಡ ರೈಡ್‌ಗಳಲ್ಲಿ ಹೆಚ್ಚಿನವು 140 ಕೇಳುತ್ತವೆ. ಇನ್ನು ಕೆಲವಕ್ಕೆ ಅದಕ್ಕಿಂತ ಕಡಿಮೆ ಸಾಕು, ಆದರೆ ದೊಡ್ಡವರು ಜೊತೆಗೆ ಕೂರಬೇಕು. ಆ ಬೋರ್ಡ್‌ಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಗೆರೆ ಮುಟ್ಟಲಿ ಅಂತ ಮಗು ತುದಿಗಾಲಲ್ಲಿ ನಿಲ್ಲುತ್ತದೆ, ಕುತ್ತಿಗೆ ಉದ್ದ ಮಾಡುತ್ತದೆ, ಅಲ್ಲಿನ ಸಿಬ್ಬಂದಿ ಭುಜ ಮುಟ್ಟಿ ‘ಹಿಮ್ಮಡಿ ಕೆಳಗೆ ಇಡು ಪುಟ್ಟಾ’ ಅನ್ನುತ್ತಾರೆ. ಎರಡು ಬೆರಳು ಕಡಿಮೆ. ಸುರಕ್ಷತೆಯ ನಿಯಮ ಅದು, ಸಡಿಲ ಮಾಡಿ ಅಂತ ಕೇಳಲೂ ಬಾರದು. ಆದರೆ ಬಿಸಿಲಲ್ಲಿ ಅಪ್ಪನ ಕೈ ಹಿಡಿದು ಅಷ್ಟು ಹೊತ್ತು ನಿಂತ ಮಗುವಿನ ಮುಖ ನೋಡುವುದು ಬಹಳ ಕಷ್ಟ.

ಆ ಕಷ್ಟ ತಪ್ಪಿಸಲು ಮನೆಯಲ್ಲೇ ಅರ್ಧ ಗಂಟೆ ಸಾಕು. ಪಾರ್ಕಿನ ವೆಬ್‌ಸೈಟ್‌ನಲ್ಲಿ ಒಂದೊಂದು ರೈಡಿಗೆ ಎಷ್ಟು ಎತ್ತರ ಬೇಕು ಅಂತ ಹಾಕಿರುತ್ತಾರೆ. ಒಂದು ಹಾಳೆಯಲ್ಲಿ ನಿಮ್ಮ ಮಗು ಹತ್ತಬಹುದಾದ ರೈಡ್‌ಗಳ ಹೆಸರು ಬರೆಯಿರಿ. ಟಿಕೆಟ್ ದುಡ್ಡನ್ನು ಆ ಸಂಖ್ಯೆಯಿಂದ ಭಾಗಿಸಿ. ಒಂದು ರೈಡಿಗೆ ಎಷ್ಟು ಬೀಳುತ್ತದೆ ಅಂತ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಗು 115-120 ಸೆಂಟಿಮೀಟರ್ ಆಗುವವರೆಗೆ, ಅಂದರೆ ಒಂದನೇ ಅಥವಾ ಎರಡನೇ ಕ್ಲಾಸಿಗೆ ಬರುವವರೆಗೆ ಕಾಯುವುದೇ ವಾಸಿ. ಆ ವಯಸ್ಸಿಗೆ ಹತ್ತಬಹುದಾದ ರೈಡ್‌ಗಳೂ ಜಾಸ್ತಿ, ಮಗುವಿಗೆ ನೆನಪೂ ಉಳಿಯುತ್ತದೆ.

ಇನ್ನೊಂದು ತುದಿಯಲ್ಲೂ ಇದೇ ಲೆಕ್ಕ ಇದೆ. ಹತ್ತು-ಹನ್ನೊಂದು ವರ್ಷದ ಮಗು 138-139 ಇದ್ದರೆ ಟಿಕೆಟ್ ಉಳಿಯುತ್ತದೆ ನಿಜ, ಆದರೆ ಅದು ಆಸೆಪಟ್ಟ ದೊಡ್ಡ ರೈಡ್‌ಗೆ ಬಿಡುವುದಿಲ್ಲ. ಮಗುವನ್ನೇ ಕೇಳಿ, ಯಾವುದು ಬೇಕು ಅಂತ.

ಯಾರು ಯಾರು ಹೋಗಬೇಕು

ಖರ್ಚು ಏರಿಸುವುದು ಮಕ್ಕಳಲ್ಲ, ದೊಡ್ಡವರು. ಅಪ್ಪ, ಅಮ್ಮ, ಅಜ್ಜಿ, ತಾತ, ಜೊತೆಗೆ ಊರಿಂದ ಬಂದ ಅತ್ತೆ ಹೀಗೆ ಎಲ್ಲರೂ ಹೊರಟರೆ, ಒಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಟಿಕೆಟ್. ಅಜ್ಜಿ ಇಡೀ ದಿನ ಬ್ಯಾಗು ಕಾಯುತ್ತಾ ಬೆಂಚಿನ ಮೇಲೆ ಕೂತರೂ ಟಿಕೆಟ್ ಟಿಕೆಟ್ಟೇ. 60 ದಾಟಿದವರಿಗೆ ರಿಯಾಯಿತಿ ಇರುತ್ತದೆ, ಆಧಾರ್ ಕಾರ್ಡ್ ತಗೊಂಡು ಹೋಗಿ. ಆದರೂ ಮಂಡಿ ನೋವಿನ ಅಜ್ಜಿಗೆ ಅಷ್ಟು ದೊಡ್ಡ ಜಾಗ ಸುತ್ತುವುದು ಖುಷಿಯಾ ಅಂತ ಅವರನ್ನೇ ಕೇಳಿ ನಿರ್ಧರಿಸಿ.

ಒಂದು ಚಿಕ್ಕ ಮಗು, ಒಂದು ದೊಡ್ಡ ಮಗು ಇದ್ದರೆ ಅಪ್ಪ-ಅಮ್ಮನಲ್ಲಿ ಒಬ್ಬರು ಸದಾ ಚಿಕ್ಕದರ ಜೊತೆಗೇ ಇರಬೇಕು. ಅವರು ಪೂರ್ತಿ ಟಿಕೆಟ್ ಕೊಟ್ಟು ಕಾವಲು ಕಾಯುತ್ತಾರೆ. ಇದಕ್ಕೆ ದಾರಿ ಇದೆ. ಚಿಕ್ಕದು ಇನ್ನೂ ತೀರಾ ಚಿಕ್ಕದಾಗಿದ್ದರೆ ಅದನ್ನು ಅಜ್ಜಿ ಜೊತೆ ಮನೆಯಲ್ಲೇ ಬಿಟ್ಟು, ಒಬ್ಬರೇ ದೊಡ್ಡ ಮಗುವನ್ನು ಕರ್ಕೊಂಡು ಹೋಗಿ. ನಾಲ್ಕು ಟಿಕೆಟ್‌ನ ಜಾಗದಲ್ಲಿ ಎರಡು. ಆ ದೊಡ್ಡ ಮಗುವಿಗಂತೂ ಅಪ್ಪನೋ ಅಮ್ಮನೋ ಇಡೀ ದಿನ ತನಗೊಬ್ಬಳಿಗೇ ಸಿಕ್ಕ ಹಾಗೆ. ತಮ್ಮ ಹುಟ್ಟಿದ ಮೇಲೆ ಅಂಥ ದಿನ ಅದಕ್ಕೆ ಸಿಕ್ಕಿರುವುದೇ ಕಡಿಮೆ.

ಕಾಲೇಜಿಗೆ ಹೋಗುವ ಚಿಕ್ಕಪ್ಪನ ಮಗಳೋ ಮಾವನ ಮಗನೋ ಇದ್ದರೆ ಅವರನ್ನು ಸೇರಿಸಿಕೊಳ್ಳಿ. ಕಾಲೇಜ್ ಐಡಿ ತೋರಿಸಿದರೆ ರಿಯಾಯಿತಿ ಕೊಡುವ ಆಫರ್‌ಗಳು ಬರುತ್ತಿರುತ್ತವೆ, ದೊಡ್ಡ ರೈಡ್‌ಗೆ ಜೊತೆಯೂ ಆಯಿತು.

ಯಾವ ದಿನ, ಯಾವ ಟಿಕೆಟ್

ವಾರದ ದಿನ ಒಂದು ರೇಟು, ಶನಿವಾರ-ಭಾನುವಾರ ಇನ್ನೊಂದು. ಹಬ್ಬ, ದಸರಾ ರಜೆ, ಬೇಸಿಗೆ ರಜೆಯ ದಿನಗಳಲ್ಲಿ ಇನ್ನೂ ಜಾಸ್ತಿ ಇರಬಹುದು. ಶಾಲೆಗೆ ಸೇರದ ಅಥವಾ ನರ್ಸರಿಯಲ್ಲಿರುವ ಮಗುವಿಗೆ ಒಂದು ಬುಧವಾರ ರಜೆ ಹಾಕಿಸಿದರೆ ಯಾವ ಪಾಠವೂ ತಪ್ಪುವುದಿಲ್ಲ. ಶಿಫ್ಟ್ ಕೆಲಸದವರು, ವಾರದ ನಡುವೆ ರಜೆ ಸಿಗುವವರು ಇದನ್ನು ಖಂಡಿತ ಬಳಸಿಕೊಳ್ಳಬೇಕು. ಶಾಲೆಗಳು ಟ್ರಿಪ್ ಹೊರಡುವ ನವೆಂಬರ್, ಡಿಸೆಂಬರ್‌ನಲ್ಲಿ ಮಾತ್ರ ವಾರದ ದಿನವೂ ಬಸ್ಸುಗಟ್ಟಲೆ ಮಕ್ಕಳು ಬಂದಿರುತ್ತಾರೆ.

ಬೆಲೆ ನೋಡುವಾಗ ಜಿಎಸ್‌ಟಿ ಸೇರಿದೆಯಾ ಇಲ್ವಾ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕ್ ಟಿಕೆಟ್‌ಗೆ 28 ಪರ್ಸೆಂಟ್ ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಯಿತು. ಆ 18 ಕೂಡ ಕಡಿಮೆಯೇನಲ್ಲ. ನಾಲ್ಕು ಜನರ ಟಿಕೆಟ್ ಐದು ಸಾವಿರ ಅಂದುಕೊಂಡು ಹೊರಟಿರುತ್ತೀರಿ, ಕೊನೆಯ ಸ್ಕ್ರೀನ್‌ನಲ್ಲಿ ಒಂಬೈನೂರು ತೆರಿಗೆ ಸೇರಿಕೊಳ್ಳುತ್ತದೆ.

ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಚಿಕ್ಕ ಮಕ್ಕಳ ಮನೆಯವರಿಗೆ ಬೇಡವೇ ಬೇಡ. ಉದ್ದ ಕ್ಯೂ ಇರುವುದು ದೊಡ್ಡ ರೈಡ್‌ಗಳಿಗೆ, ನಿಮ್ಮ ಮಗು ಅಲ್ಲಿಗೆ ಹೋಗುವುದಿಲ್ಲ. ಜ್ವರ ಬಂದರೆ ದಿನ ಬದಲಾಯಿಸಲು ಬಿಡುತ್ತಾರಾ ಅನ್ನುವುದನ್ನು ಮಾತ್ರ ದುಡ್ಡು ಕಟ್ಟುವ ಮುಂಚೆ ಓದಿಕೊಳ್ಳಿ. ಚಿಕ್ಕ ಮಕ್ಕಳಿಗೆ ಜ್ವರ ಯಾವತ್ತೂ ಹಿಂದಿನ ರಾತ್ರಿಯೇ ಬರೋದು.

ಹೋಗಿ ಬರುವ ಖರ್ಚು

ವಂಡರ್‌ಲಾ ಇರುವುದು ಮೈಸೂರು ರಸ್ತೆಯಲ್ಲಿ, ಬಿಡದಿಗೆ ಸ್ವಲ್ಪ ಮುಂಚೆ, ನಗರದಿಂದ ಸುಮಾರು 28 ಕಿಲೋಮೀಟರ್. ಕ್ಯಾಬ್‌ನಲ್ಲಿ ಹೋಗುವುದು ಸುಲಭ, ಸಂಜೆ ಅಲ್ಲಿಂದ ವಾಪಸ್ ಕ್ಯಾಬ್ ಸಿಗುವುದು ಕಷ್ಟ, ಸಿಕ್ಕರೂ ದರ ಏರಿರುತ್ತದೆ. ಸಾಮಾನ್ಯ ಬಸ್ಸುಗಳಲ್ಲಿ ಹೋದರೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾಗಿ ಅಮ್ಮ, ಅಜ್ಜಿ, ಮಗಳು ಫ್ರೀ. ಅಪ್ಪನಿಗೊಂದು ಟಿಕೆಟ್, ಮುಗೀತು. ಪೂರ್ವ ಬೆಂಗಳೂರಿನಿಂದ ಬರುವವರಿಗೆ ಮೆಟ್ರೋ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಮುಂದಕ್ಕೆ ಬಸ್ಸು ಹಿಡಿಯಬಹುದು. ಮೂರಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೋದಲ್ಲೂ ಫ್ರೀ. ಸ್ವಂತ ಕಾರಾದರೆ ಎಕ್ಸ್‌ಪ್ರೆಸ್ ಹೈವೇಯಲ್ಲಿ ಫಾಸ್ಟ್ಯಾಗ್‌ನಿಂದ ಟೋಲ್ ಹೋಗುತ್ತದೆ, ಪಾರ್ಕಿಂಗ್ ಬೇರೆ. ಸರ್ವಿಸ್ ರಸ್ತೆ ಹಿಡಿದರೆ ಟೋಲ್ ಉಳಿಯುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ.

ಪಾರ್ಕ್ ತೆರೆಯುವುದು ಸಾಮಾನ್ಯವಾಗಿ 11ರ ಹೊತ್ತಿಗೆ. ಬೇಗ ಹೊರಟು ಬಿಡದಿಯವರೆಗೆ ಹೋಗಿ ಬಿಸಿ ಬಿಸಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಜೊತೆಗೊಂದು ವಡೆ ತಿಂದು ಆಮೇಲೆ ಗೇಟಿಗೆ ಬನ್ನಿ. ಹೊಟ್ಟೆ ತುಂಬಿಸಿಕೊಂಡು ಒಳಗೆ ಹೋದವರಿಗೆ ಮಧ್ಯಾಹ್ನದ ಬಿಲ್ ಅರ್ಧಕ್ಕೆ ಇಳಿಯುತ್ತದೆ.

ಬಟ್ಟೆ, ಡೈಪರ್, ಊಟ

ನೀರಿನ ರೈಡ್‌ಗಳಿಗೆ ಕಾಟನ್ ಬಟ್ಟೆ ಬಿಡುವುದಿಲ್ಲ, ನೈಲಾನ್ ಥರದ್ದೇ ಬೇಕು. ಇದು ಗೊತ್ತಿಲ್ಲದೆ ಹೋದವರು ಅಲ್ಲಿನ ಅಂಗಡಿಯಲ್ಲಿ ಮನೆಮಂದಿಗೆಲ್ಲ ಬಟ್ಟೆ ಕೊಳ್ಳಬೇಕಾಗುತ್ತದೆ. ವಾರದ ಮುಂಚೆಯೇ ಚಿಕ್ಕಪೇಟೆಯಲ್ಲೋ ಮನೆ ಹತ್ತಿರದ ಅಂಗಡಿಯಲ್ಲೋ ತಗೊಳ್ಳಿ, ಮಗುವಿಗೆ ಒಂದು ಸೈಜ್ ದೊಡ್ಡದು, ಮುಂದಿನ ವರ್ಷಕ್ಕೂ ಆಗಲಿ. ಮಾಮೂಲಿ ಡೈಪರ್ ಹಾಕಿ ನೀರಿಗಿಳಿಸಬೇಡಿ. ಅದು ನೀರು ಹೀರಿ ಮೊಣಕಾಲಿನವರೆಗೆ ಜೋತು ಬೀಳುತ್ತದೆ, ಕೊನೆಗೆ ಒಡೆದು ಒಳಗಿನ ಜೆಲ್ಲೆಲ್ಲ ಹೊರಗೆ ಬರುತ್ತದೆ. ನೀರಿಗೆಂದೇ ಬರುವ ಸ್ವಿಮ್ ಡೈಪರ್ ಎರಡು ಇಟ್ಟುಕೊಳ್ಳಿ. ಲಾಕರ್ ಮನೆಮಂದಿಗೆಲ್ಲ ಒಂದೇ ಸಾಕು.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಆದರೆ ಕೂಸಿನ ರಾಗಿ ಸರಿ, ಹಾಲಿನ ಬಾಟಲಿ ಬಗ್ಗೆ ಮುಂಚೆಯೇ ಫೋನ್ ಮಾಡಿ ಕೇಳಿ, ಗೇಟಿನಲ್ಲೂ ಸಮಾಧಾನವಾಗಿ ಕೇಳಿ. ಸಿನಿಮಾ ಥಿಯೇಟರ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದ್ದು ಹೀಗೆ: ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಕೂಸುಗಳ ಆಹಾರ ತರಲು ಬಿಡಬೇಕು. ಅದು ಥಿಯೇಟರ್‌ಗೆ ಸೇರಿದ ತೀರ್ಪು. ಆದರೂ ಕೂಸಿನ ಊಟ ಅಂದರೆ ಯಾವ ಗೇಟಿನಲ್ಲೂ ಮನುಷ್ಯರು ಅರ್ಥ ಮಾಡಿಕೊಳ್ಳಬೇಕಾದ ವಿಷಯ. ಖಾಲಿ ಬಾಟಲಿ ತಗೊಂಡು ಹೋಗಿ ಒಳಗೆ ತುಂಬಿಸಿಕೊಳ್ಳಿ. ಅಂಗಡಿಯಲ್ಲಿ ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಬಿಲ್ ತಗೊಳ್ಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮಗುವಿಗೆ ಅಂತ ಬೇರೆ ಊಟ ತಗೊಳ್ಳಬೇಡಿ. ಆಟದ ಅಮಲಿನಲ್ಲಿ ಅದು ಎರಡು ತುತ್ತು ತಿಂದರೆ ಹೆಚ್ಚು.

ಒಳಗೆ ಹೋದ ಮೇಲೆ

ಮೊದಲು ಚಿಕ್ಕ ಮಕ್ಕಳ ಒಣ ರೈಡ್‌ಗಳು, ಆಮೇಲೆ ನೀರು. ನೀರಿಗಿಳಿದ ಮಗು ಮತ್ತೆ ಮೇಲೆ ಬರುವುದಿಲ್ಲ, ಬಂದರೆ ತುಟಿ ನೀಲಿಯಾಗಿ ನಡುಗುತ್ತಾ ಬರುತ್ತದೆ. ಅದೇ ಕುದುರೆ ಮೇಲೆ ಐದನೇ ಸಲ ಕೂರುತ್ತೇನೆ ಅಂದರೆ ಕೂರಿಸಿ. ‘ಇಷ್ಟು ದುಡ್ಡು ಕೊಟ್ಟಿದ್ದೀವಿ, ಅದಕ್ಕೂ ಬಾ, ಇದಕ್ಕೂ ಬಾ’ ಅಂತ ಎಳೆದಾಡಬೇಡಿ. ಟಿಕೆಟ್ ದುಡ್ಡು ವಸೂಲಿ ಮಾಡಲು ಸಂಜೆವರೆಗೆ ಉಳಿದವರ ಮಕ್ಕಳು ಅತ್ತೂ ಅತ್ತೂ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ. ನಾಲ್ಕಕ್ಕೆ ಸುಸ್ತಾಯಿತಾ, ನಾಲ್ಕಕ್ಕೇ ಹೊರಡಿ. ಫೋಟೋ, ಬಲೂನು, ಆಟಿಕೆಗೆಲ್ಲ ಸೇರಿ ಇಷ್ಟೇ ಅಂತ ಮನೆಯಲ್ಲೇ ಮಗುವಿನ ಜೊತೆ ಮಾತಾಡಿಕೊಂಡಿರಿ.

ಎತ್ತರ ಸಾಲದವರು ಎಲ್ಲಿಗೆ ಹೋಗಬೇಕು

ಚಿಕ್ಕ ಮಕ್ಕಳಿಗೆ ಹೊಂದುವುದು ಹತ್ತಿದಷ್ಟಕ್ಕೆ ದುಡ್ಡು ಕೊಡುವ ಜಾಗ. ನಮ್ಮ ಜಾತ್ರೆಗಳಲ್ಲಿ ಇರುವುದು ಅದೇ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಆಟದ ಸಾಮಾನು, ತಿರುಗುವ ರೈಡು ಎಲ್ಲ ಸಿಗುತ್ತದೆ, ಬರುವಾಗ ಒಂದು ಸೇರು ಕಡಲೆಕಾಯಿ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲಿದೆ. ರಿಪೇರಿಗೆ ನಿಂತಿರುವುದೂ ಉಂಟು, ಕೇಳಿಕೊಂಡು ಹೋಗಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಕಸ್ತೂರಬಾ ರಸ್ತೆಯಲ್ಲಿ 1962ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಮ್ಯೂಸಿಯಂ. ತಲೆ ಅಲ್ಲಾಡಿಸುವ ಡೈನೋಸಾರ್ ಮುಂದೆ ಮಕ್ಕಳು ಅಪ್ಪನ ಕಾಲು ತಬ್ಬಿಕೊಂಡು ನಿಲ್ಲುತ್ತಾರೆ, ಆದರೆ ಅಲ್ಲಿಂದ ಹೊರಡಲು ಒಪ್ಪುವುದಿಲ್ಲ. ಬನ್ನೇರುಘಟ್ಟಕ್ಕೆ ಹೋಗುವುದಾದರೆ ಮಂಗಳವಾರ ರಜೆ. ಮೃಗಾಲಯ ಬೇರೆ ಟಿಕೆಟ್, ಸಫಾರಿ ಬೇರೆ. ತೀರಾ ಚಿಕ್ಕವರಿಗೆ ಮೃಗಾಲಯ ಒಂದೇ ಸಾಕು. ಮೃಗಾಲಯ, ಮ್ಯೂಸಿಯಂ ಪ್ರವೇಶಕ್ಕೆ ಜಿಎಸ್‌ಟಿಯೂ ಇಲ್ಲ.

ಮಾಲ್‌ಗಳ ಪ್ಲೇ ಏರಿಯಾಗಳಲ್ಲಿ ಮಾತ್ರ ಹುಷಾರು. ಅಲ್ಲಿ ಕಾರ್ಡ್‌ಗೆ ಕನಿಷ್ಠ ಇಷ್ಟು ಅಂತ ದುಡ್ಡು ತುಂಬಿಸುತ್ತಾರೆ, ಗ್ರಿಪ್ ಇರುವ ಸಾಕ್ಸ್ ಇಲ್ಲದಿದ್ದರೆ ಅಲ್ಲೇ ಕೊಳ್ಳಬೇಕು. ಸಾಕ್ಸ್ ಒಂದು ಸಲ ಕೊಂಡರೆ ತೊಳೆದು ಬ್ಯಾಗಿನಲ್ಲೇ ಇಟ್ಟಿರಿ. ಕಾರ್ಡ್‌ನಲ್ಲಿ ಉಳಿದ ದುಡ್ಡಿಗೆ ಕೊನೆಯ ತಾರೀಖು ಇದೆಯಾ ಅಂತ ಕೌಂಟರ್‌ನಲ್ಲಿ ಕೇಳಿ, ಇದ್ದರೆ ಕಾರ್ಡಿನ ಹಿಂದೆಯೇ ಪೆನ್ನಿನಿಂದ ಬರೆದಿಡಿ.