ಬೆಳ್ಳಕ್ಕಿ ಮೀನು ಹಿಡಿಯುವಾಗ ಕುತ್ತಿಗೆ ನೋಡಿ

ಬೆಳ್ಳಕ್ಕಿ ಮೀನು ಹಿಡಿಯುವ ಚಿತ್ರ ಬೇಕಿದ್ದರೆ, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಗೆ ಬೆಳಗಿನ ಇಳಿತದ ಹೊತ್ತಿಗೇ ಹೋಗಿ. ನೀರು ಇಳಿದಂತೆ ಸಣ್ಣ ಮೀನು ತಗ್ಗುಗಳಲ್ಲಿ ಉಳಿಯುತ್ತದೆ, ಬೆಳ್ಳಕ್ಕಿಗಳು ಅಲ್ಲೇ ಸೇರುತ್ತವೆ. ಸೂರ್ಯ ಬೆನ್ನಿಗಿರಲಿ, ಕ್ಯಾಮೆರಾ ಆದಷ್ಟು ನೀರಿನ ಮಟ್ಟಕ್ಕಿರಲಿ.

ಶಟರ್ 1/2500 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋ, ಫೋಕಸ್ ಕಣ್ಣಿನ ಮೇಲೆ. ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) −0.7ಕ್ಕೆ ಇಳಿಸಿ, ಇಲ್ಲದಿದ್ದರೆ ಬಿಸಿಲಲ್ಲಿ ಗರಿಯ ಎಳೆಗಳು ಸುಟ್ಟು ಬರೀ ಬಿಳಿ ಉಳಿಯುತ್ತದೆ, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲೂ ಪೂರ್ತಿ ವಾಪಸ್ ಬರುವುದಿಲ್ಲ.

ಕೊಕ್ಕು ನೀರಿಗೆ ಬಿದ್ದಮೇಲೆ ಬಟನ್ ಒತ್ತಿದರೆ ಸಿಗುವುದು ನೀರಿನ ಸಿಡಿತ ಮಾತ್ರ. ನಡಿಗೆ ನಿಂತು, ಕುತ್ತಿಗೆ ಹಿಂದಕ್ಕೆ ಮಡಚಿ, ತಲೆ ತುಸು ಓರೆಯಾಯಿತೋ, ಬರ್ಸ್ಟ್ (ಬಟನ್ ಒತ್ತಿಹಿಡಿದು ಒಂದರ ಹಿಂದೊಂದು ಚಿತ್ರ ತೆಗೆಯುವುದು) ಶುರುಮಾಡಿ. ಮೀನನ್ನು ತಿರುಗಿಸಿ ತಲೆ ಕಡೆಯಿಂದ ನುಂಗುವವರೆಗೂ ಬೆರಳು ತೆಗೆಯಬೇಡಿ. ಒಳ್ಳೆಯ ಚಿತ್ರ ಹೆಚ್ಚಾಗಿ ಅಲ್ಲೇ ಇರುತ್ತದೆ. ದಯವಿಟ್ಟು ಹತ್ತಿರ ಹೋಗಿ ಹಾರಿಸಬೇಡಿ, ಅದು ಅವುಗಳ ಊಟದ ಹೊತ್ತು.