ಹ್ಯಾಸ್ಕೆಲ್‌ನಿಂದ ಗ್ರಾಫ್ ಬಿಡಿಸುವುದು ಹೇಗೆ?

ಇಲ್ಲಿ ಗ್ರಾಫ್ ಅಂದರೆ ಬಿಂದುಗಳು (ನೋಡ್‌ಗಳು) ಮತ್ತು ಅವನ್ನು ಜೋಡಿಸುವ ಗೆರೆಗಳ ಜಾಲ. ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೆ ಗ್ರಾಫ್‌ವಿಜ್ ಅನ್ನೋ ಲೈಬ್ರರಿ ಇದೆ. ಆದರೆ ಚಿತ್ರ ಬಿಡಿಸುವುದು ಅದಲ್ಲ. ಅದು ನಿಮ್ಮ ಗ್ರಾಫನ್ನು ಡಾಟ್ ಅನ್ನೋ, ಗ್ರಾಫ್ ವಿವರಿಸುವ ಭಾಷೆಯ ಪಠ್ಯವಾಗಿ ಬರೆದು, ಅದೇ ಹೆಸರಿನ ಇನ್ನೊಂದು ಪ್ರೋಗ್ರಾಂಗೆ ದಾಟಿಸುತ್ತದೆ, ಅಷ್ಟೇ. ಯಾವ ಗೆರೆ ಎಲ್ಲಿ ಹಾಯಬೇಕು ಅನ್ನೋ ಲೆಕ್ಕವೆಲ್ಲ ಎಟಿ ಆಂಡ್ ಟಿ ಲ್ಯಾಬ್ಸ್‌ನಲ್ಲಿ ಬೆಳೆದ ಆ ಪ್ರೋಗ್ರಾಮಿನದು.

ಹಾಗಾಗಿ ಮೊದಲು ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಉಬುಂಟುವಿನಲ್ಲಿ ಆಪ್ಟ್, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಸಾಕು. ಇದನ್ನು ಬಿಟ್ಟರೂ ಕೋಡ್ ಆರಾಮಾಗಿ ಕಂಪೈಲ್ ಆಗುತ್ತದೆ, ರನ್ ಮಾಡಿದಾಗ ಕೈಕೊಡುತ್ತದೆ. ಆಮೇಲೆ ಕಬಾಲ್ ಫೈಲಿಗೆ (ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳನ್ನು ಬರೆಯುವ ಫೈಲ್) ಗ್ರಾಫ್‌ವಿಜ್, ಗ್ರಾಫ್ ಕಟ್ಟಲು ಎಫ್‌ಜಿಎಲ್, ಪಠ್ಯಕ್ಕೆ ಟೆಕ್ಸ್ಟ್ ಈ ಮೂರನ್ನೂ ಸೇರಿಸಿ.

ಈಗ ಡೇಟಾ. ಕಾವೇರಿ ಮತ್ತು ಉಪನದಿಗಳನ್ನೇ ತಗೊಳ್ಳೋಣ. ಎಫ್‌ಜಿಎಲ್‌ನ ಎಂಕೆಗ್ರಾಫ್ ಫಂಕ್ಷನ್‌ಗೆ ಎರಡು ಲಿಸ್ಟ್ ಬೇಕು. ಮೊದಲನೆಯದರಲ್ಲಿ ನಂಬರ್ ಮತ್ತು ಹೆಸರು: 1 ಕಾವೇರಿ, 2 ಹೇಮಾವತಿ, 3 ಯಗಚಿ, 4 ಕಬಿನಿ. ಎರಡನೆಯದರಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆ ಅನ್ನೋದು: 3ರಿಂದ 2ಕ್ಕೆ, 2ರಿಂದ 1ಕ್ಕೆ, 4ರಿಂದ 1ಕ್ಕೆ. ಪ್ರತಿ ಗೆರೆಗೂ ಒಂದು ಲೇಬಲ್ ಕೊಡಬೇಕು, ಖಾಲಿ ಇದ್ದರೂ ನಡೆಯುತ್ತದೆ. ಇಲ್ಲದ ನಂಬರಿಗೆ ಗೆರೆ ಎಳೆದರೆ ಕಂಪೈಲರ್ ಹಿಡಿಯುವುದಿಲ್ಲ, ನೀವೇ ನೋಡಿಕೊಳ್ಳಿ.

ಮುಂದಿನದು ಆ ಗ್ರಾಫನ್ನು ಡಾಟ್ ರೂಪಕ್ಕೆ ತರುವ ಗ್ರಾಫ್‌ಟುಡಾಟ್ ಫಂಕ್ಷನ್. ನನಗೆ ಈ ಲೈಬ್ರರಿ ಇಷ್ಟವಾಗುವುದೇ ಇಲ್ಲಿ. ಪ್ರತಿ ನೋಡ್ ಹೇಗೆ ಕಾಣಬೇಕು ಅಂತ ಒಂದೊಂದನ್ನೂ ಹಿಡಿದು ತಿದ್ದುವ ಕೆಲಸವೇ ಇಲ್ಲ, ನೋಡ್ ಕೊಟ್ಟರೆ ಅದರ ಗುಣಗಳ ಲಿಸ್ಟನ್ನು ವಾಪಸ್ ಕೊಡುವ ಒಂದು ಫಂಕ್ಷನ್ ಬರೆದು ಫಾರ್ಮ್ಯಾಟ್ ನೋಡ್ ಅನ್ನೋ ಸೆಟ್ಟಿಂಗ್‌ಗೆ ಕೊಟ್ಟರೆ ಎಲ್ಲ ನೋಡ್‌ಗಳಿಗೂ ಅದೇ ಓಡುತ್ತದೆ. ನಾನ್‌ಕ್ಲಸ್ಟರ್ಡ್ ಪ್ಯಾರಾಮ್ಸ್ ಅನ್ನೋ ಸಿದ್ಧ ಸೆಟ್ಟಿಂಗ್‌ಗಳಿಂದ ಶುರು ಮಾಡಿ. ಆದರೆ ಅದನ್ನು ಹಾಗೇ ಬಿಟ್ಟರೆ ಚಿತ್ರದಲ್ಲಿ ಬರೀ 1, 2, 3 ಕಾಣುತ್ತದೆ, ಹೆಸರು ಬರಬೇಕಂದರೆ ಆ ಫಂಕ್ಷನ್‌ನಲ್ಲಿ ಟುಲೇಬಲ್ ಹಾಕಲೇಬೇಕು. ಕಾವೇರಿಗೆ ಮಾತ್ರ ನೀಲಿ ಬಣ್ಣ ಬೇಕಾ? ಅದೇ ಫಂಕ್ಷನ್‌ನಲ್ಲಿ ಒಂದು ಇಫ್ ಸಾಕು.

ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಬಂದರೆ ಅದು ಫಾಂಟ್ ತೊಂದರೆ. ಗ್ಲೋಬಲ್ ಆಟ್ರಿಬ್ಯೂಟ್ಸ್‌ನಲ್ಲಿ ಫಾಂಟ್‌ನೇಮ್‌ಗೆ ನೋಟೋ ಸಾನ್ಸ್ ಕನ್ನಡ ಅಂತ ಕೊಡಿ (ಆ ಫಾಂಟ್ ಕಂಪ್ಯೂಟರಿನಲ್ಲೂ ಇರಬೇಕು, ಅಲ್ವಾ?). ಫಾಂಟ್‌ನೇಮ್ ಇರುವುದು ಆಟ್ರಿಬ್ಯೂಟ್ಸ್ ಕಂಪ್ಲೀಟ್ ಮಾಡ್ಯೂಲ್‌ನಲ್ಲಿ. ಅದಕ್ಕೆ ಬೇಕಾದ್ದು ಸಾಮಾನ್ಯ ಸ್ಟ್ರಿಂಗ್ ಅಲ್ಲ, ಟೆಕ್ಸ್ಟ್ ಲೈಬ್ರರಿಯ ಲೇಜಿ ಟೆಕ್ಸ್ಟ್ ಅನ್ನೋ ಬಗೆ. ಓವರ್‌ಲೋಡೆಡ್ ಸ್ಟ್ರಿಂಗ್ಸ್ ಅನ್ನೋ ಹ್ಯಾಸ್ಕೆಲ್ ಸೌಲಭ್ಯ ಆನ್ ಮಾಡಿಕೊಂಡರೆ ತಲೆನೋವಿಲ್ಲ.

ಕೊನೆಗೆ ರನ್‌ಗ್ರಾಫ್‌ವಿಜ್‌ಗೆ ಆ ಡಾಟ್ ರೂಪದ ಗ್ರಾಫ್, ಎಸ್‌ವಿಜಿ ಅನ್ನೋ ಫಾರ್ಮ್ಯಾಟ್, ಫೈಲ್ ಹೆಸರು ಕೊಡಿ. ಪಿಎನ್‌ಜಿಯೂ ಆಗುತ್ತದೆ, ಆದರೆ ಎಸ್‌ವಿಜಿ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಬಾಣದ ಗೆರೆಗಳಿದ್ದರೆ ರನ್‌ಗ್ರಾಫ್‌ವಿಜ್ ತಾನೇ ಡಾಟ್ ಅನ್ನೋ ಎಂಜಿನ್ (ನೋಡ್‌ಗಳನ್ನು ಜೋಡಿಸಿಡುವ ಪ್ರೋಗ್ರಾಂ) ಆರಿಸುತ್ತದೆ, ಬಾಣ ಇಲ್ಲದಿದ್ದರೆ ನೀಟೋ. ಚಿತ್ರ ವಿಚಿತ್ರವಾಗಿ ಬಂತಾ? ಸುಮ್ನೆ ಕೋಡ್ ತಿದ್ದುತ್ತಾ ಕೂರಬೇಡಿ. ಪ್ರಿಂಟ್‌ಡಾಟ್‌ಗ್ರಾಫ್‌ನಿಂದ ಡಾಟ್ ಪಠ್ಯ ತೆಗೆದು ಓದಿ, ತಪ್ಪು ನಿಮ್ಮ ಡೇಟಾದಲ್ಲಿದೆಯೋ ಜೋಡಣೆಯಲ್ಲಿದೆಯೋ ಅಲ್ಲೇ ಗೊತ್ತಾಗುತ್ತದೆ. ನೋಡ್‌ಗಳು ಜಾಸ್ತಿಯಾಗಿ ಗೆರೆಗಳು ಸಿಕ್ಕಾದರೆ ರನ್‌ಗ್ರಾಫ್‌ವಿಜ್‌ಕಮಾಂಡ್ ಬಳಸಿ, ಎಂಜಿನ್ ಜಾಗದಲ್ಲಿ ಎಸ್‌ಎಫ್‌ಡಿಪಿ ಅನ್ನೋ ಇನ್ನೊಂದು ಎಂಜಿನ್ ಕೊಟ್ಟು ನೋಡಿ.