ಜ್ವರದ ಪ್ರಶ್ನೆಗೆ ಮೊದಲು ಹೂಮಳೆಯ ಪ್ರಶ್ನೆ

ಕೋವಿಡ್ ಸಾಂಕ್ರಾಮಿಕದ ದಿನಗಳಲ್ಲಿ ನಾವು ವಿಚಾರಿಸಿಕೊಳ್ಳುವ ಕುಟುಂಬಗಳ ಸಂಪರ್ಕ ಉಳಿಸಿಕೊಂಡಿದ್ದು ಹೇಗೆ ಎಂದು ನಮ್ಮ ಸಮಾಜಕಾರ್ಯಕರ್ತರ ಗುಂಪಿಗೆ ಹೊಸದಾಗಿ ಬಂದವರು ಕೇಳಿದ್ದರು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲು ಮನೆಗಳಿಗೆ) ನಾನು ಮಾಡಿದ ಕರೆಗಳು ಪೊಲೀಸ್ ವಿಚಾರಣೆಯಂತಿದ್ದವು: ಜ್ವರವಿದೆಯೇ, ಪಡಿತರ ಬಂತೇ? "ಎಲ್ಲ ಸರಿಯಾಗಿದೆ ಮೇಡಂ" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಆಮೇಲೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿತ್ತೇ, ಹಸು ಕರು ಹಾಕಿತೇ ಎಂದು ಆರಂಭಿಸಿದೆ. ನಾಲ್ಕನೇ ಕರೆಯಲ್ಲಿ ಒಬ್ಬ ಅಜ್ಜಿ, ರಕ್ತದೊತ್ತಡದ ಮಾತ್ರೆ ಮುಗಿದು ಹತ್ತು ದಿನವಾಯಿತು ಎಂದರು. ಹಾಗಾಗಿ ಮೊದಲು ಮಾತು, ಪ್ರಶ್ನೆಗಳ ನಮೂನೆ ಆಮೇಲೆ ತುಂಬಿದರೂ ನಡೆಯುತ್ತದೆ.

ಕರೆಯ ಸಮಯ ತಪ್ಪಿಸಬೇಡಿ. ಮಂಗಳವಾರ ಸಂಜೆ 5 ಗಂಟೆ ಎಂದರೆ ಐದೇ. ಸಿಗ್ನಲ್ ಸಿಗುವ ದಿಬ್ಬದವರೆಗೆ ಅವರು ಹತ್ತಿ ಬಂದಿರುತ್ತಾರೆ. ವಿಡಿಯೊ ಕರೆಯ ಆಸೆ ಬಿಡಿ, ಮಲೆನಾಡಿನ ಮಳೆಗಾಲಕ್ಕೆ ಅದು ಒಗ್ಗುವುದಿಲ್ಲ.

ಅಂಥ ಸೋಂಕಿನ ದಿನಗಳಲ್ಲಿ ಭೇಟಿ ಅನಿವಾರ್ಯವಾದರೆ ಅಂಗಳದಲ್ಲೇ ದೂರ ನಿಂತು ಮಾತನಾಡಿ. ಮಾಸ್ಕ್ ಕಂಡು ಮಕ್ಕಳು ಹೆದರುತ್ತಿದ್ದರು. ನಗುಮುಖದ ನನ್ನ ಫೋಟೊವನ್ನು ಎದೆಗೆ ಸಿಕ್ಕಿಸಿಕೊಂಡೆ, ಹತ್ತಿರದವರು ನಕ್ಕರೂ ಚಿಂತೆಯಿಲ್ಲ. ಮಕ್ಕಳ ಸಹಾಯವಾಣಿ 1098, ಹಿರಿಯರದು 14567. ಎರಡನ್ನೂ ದಪ್ಪಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ ಬನ್ನಿ.